ಕಾಲ ಬುಡದಲ್ಲಿ ನೀರು: ಹಳೆ ಕಾರಿನ ಎಸಿ ಡಬ್ಬಿ ಸೋರುವುದು ಎಲ್ಲಿಂದ, ಸರಿ ಮಾಡುವುದು ಹೇಗೆ

ಎಸಿ ಹಾಕಿಕೊಂಡು ಬಂದು ನಿಲ್ಲಿಸಿದ ಕಾರಿನ ಕೆಳಗೆ ನೀರು ತೊಟ್ಟಿಕ್ಕುವುದು ಕಂಡರೆ ಎಷ್ಟೋ ಜನ ಗಾಬರಿ ಬೀಳುತ್ತಾರೆ. ಗಾಬರಿ ಬೇಡ, ಅದು ಒಳ್ಳೆ ಲಕ್ಷಣ. ಚಿಂತೆ ಮಾಡಬೇಕಾದದ್ದು ನೀರು ಬೀಳದಿದ್ದಾಗ. ಸೆಕೆಯ ದಿನ ಒಂದು ಗಂಟೆ ಎಸಿ ಓಡಿದೆ, ಆದರೂ ಕಾರಿನ ಕೆಳಗೆ ನೆಲ ಒಣಗಿಯೇ ಇದೆ ಅಂದರೆ ಆ ನೀರು ಬೇರೆಲ್ಲೋ ಸೇರುತ್ತಿದೆ. ಸಾಮಾನ್ಯವಾಗಿ ಅದು ಎಡಗಡೆ ಮುಂದಿನ ಸೀಟಿನಲ್ಲಿ ಕೂತವರ ಕಾಲ ಬುಡ.

ಹಳೆ ಕಾರು ಇಟ್ಟುಕೊಂಡವರಿಗೆ ಈ ಲಕ್ಷಣಗಳು ಗೊತ್ತು. ಮ್ಯಾಟ್ ಎತ್ತಿದರೆ ಕೆಳಗೆ ಒದ್ದೆ. ಬೆಳಿಗ್ಗೆ ಗಾಜಿನ ಒಳಮೈಗೆಲ್ಲ ಮಂಜು. ಬ್ಲೋವರ್ ಹಾಕಿದ ತಕ್ಷಣ ಮುಗ್ಗಲು ವಾಸನೆ. ಬಲಕ್ಕೆ ತಿರುಗಿಸಿದಾಗ ಡ್ಯಾಶ್‌ಬೋರ್ಡ್ ಒಳಗಿಂದ ಗುಳುಗುಳು ಸದ್ದು, ಹಿಂದೆಯೇ ಪಕ್ಕದವರ ಪಾದದ ಮೇಲೆ ತಣ್ಣನೆ ನೀರು. ಗ್ಯಾರೇಜಿಗೆ ಹೋದರೆ ಬಹಳ ಸಲ ಮೊದಲು ಹೊರಗೆ ಬರುವುದು ಸಿಲಿಕೋನ್ ಟ್ಯೂಬು. ಎಲ್ಲೋ ಸೋರುತ್ತಿದೆ, ಮುಚ್ಚಿಬಿಡೋಣ ಅನ್ನುವ ಲೆಕ್ಕ. ನನ್ನ ತಕರಾರು ಇರುವುದು ಇದಕ್ಕೇ. ಡ್ಯಾಶ್‌ಬೋರ್ಡ್ ಹಿಂದಿನ ಎಸಿ ಡಬ್ಬಿಗೆ ನೀರು ಬಂದೇ ಬರುತ್ತದೆ ಅಂತ ಅದನ್ನು ಮಾಡಿದವರಿಗೂ ಗೊತ್ತು. ಅದಕ್ಕೇ ಅವರು ನೀರು ಹೊರಗೆ ಹೋಗಲು ದಾರಿ ಇಟ್ಟಿದ್ದಾರೆ. ಆ ದಾರಿ ಕಟ್ಟಿಕೊಂಡಿರುವಾಗ ಬೇರೆ ತೂತುಗಳನ್ನು ಮುಚ್ಚುತ್ತ ಹೋದರೆ ನೀರು ಮತ್ತೊಂದು ತೂತು ಹುಡುಕಿಕೊಳ್ಳುತ್ತದೆ, ಅಷ್ಟೆ.

ಡ್ಯಾಶ್‌ಬೋರ್ಡ್ ಹಿಂದೆ ಏನಿದೆ

1990ರ ದಶಕದ ಜೆನ್, ಎಸ್ಟೀಮ್, ಮಾರುತಿ 800 ಥರದ ಕಾರುಗಳನ್ನೇ ತೆಗೆದುಕೊಳ್ಳಿ. ಡ್ಯಾಶ್‌ಬೋರ್ಡ್ ಹಿಂದೆ ಮೂರು ಪ್ಲಾಸ್ಟಿಕ್ ಡಬ್ಬಿಗಳು ಸಾಲಾಗಿ ಕೂತಿರುತ್ತವೆ. ಎಡತುದಿಯಲ್ಲಿ ಬ್ಲೋವರ್. ಅದರ ಪಕ್ಕ ಕೂಲಿಂಗ್ ಕಾಯಿಲ್ ಇರುವ ಡಬ್ಬಿ. ನಟ್ಟನಡುವೆ ಹೀಟರ್. ಎಸಿ ಇಲ್ಲದ ಮಾಡೆಲ್‌ನಲ್ಲಿ ಕಾಯಿಲ್ ಡಬ್ಬಿಯ ಜಾಗದಲ್ಲಿ ಬರೀ ಒಂದು ಪ್ಲಾಸ್ಟಿಕ್ ನಾಳ ಇರುತ್ತದೆ. ಮುಂದಿನ ಗಾಜಿನ ಬುಡದ ಕಪ್ಪು ಜಾಲರಿಯಿಂದಲೋ ಕಾರಿನ ಒಳಗಿಂದಲೋ ಗಾಳಿಯನ್ನು ಎಳೆದು ಬ್ಲೋವರ್ ಕಾಯಿಲ್ ಕಡೆಗೆ ತಳ್ಳುತ್ತದೆ. ಕಾಯಿಲ್ ದಾಟಿದ ಗಾಳಿ ಹೀಟರ್ ಡಬ್ಬಿಗೆ ಬಂದು, ಅಲ್ಲಿಂದ ಮುಖಕ್ಕೋ ಕಾಲಿಗೋ ಗಾಜಿಗೋ ಹಂಚಿಹೋಗುತ್ತದೆ. ಆಮೇಲಿನ ಕಾರುಗಳಲ್ಲಿ ಎಲ್ಲವೂ ಸೇರಿ ಒಂದೇ ದೊಡ್ಡ ಡಬ್ಬಿಯಾಯಿತು. ಕೆಲಸ ಮಾತ್ರ ಹೀಗೇ.

ಡಬ್ಬಿಗಳ ನಡುವಿನ ಜೋಡಣೆಯಲ್ಲಿ ಫೋಮ್ ಪಟ್ಟಿ ಇರುತ್ತದೆ. ಇಪ್ಪತ್ತು ವರ್ಷದ ಮೇಲೆ ಈ ಫೋಮ್ ಮುಟ್ಟಿದರೆ ಪುಡಿ. ವೆಂಟ್‌ಗಳಿಂದ ಕಪ್ಪು ಚೂರುಗಳು ಹಾರಿ ಬಂದು ಅಂಗಿಯ ಮೇಲೆ ಕೂರುತ್ತಿವೆಯಾ? ಒಳಗಿನ ಫೋಮ್ ಉದುರುತ್ತಿದೆ ಅಂತ ತಿಳಿಯಿರಿ.

ಇಲ್ಲಿಗೆ ನೀರು ಬರುವುದು ಮೂರು ಕಡೆಯಿಂದ. ಗಾಳಿಯ ತೇವ ಕಾಯಿಲ್ ಮೇಲೆ ನೀರಾಗಿ ಬರುತ್ತದೆ. ಮಳೆ ನೀರು ಜಾಲರಿಯಿಂದ ಬರುತ್ತದೆ. ಎಂಜಿನ್ ತಣ್ಣಗಿಡುವ ದ್ರವ, ಅಂದರೆ ಕೂಲೆಂಟ್, ಹೀಟರಿನಿಂದ ಬರುತ್ತದೆ. ಮೂರಕ್ಕೂ ಬರುವ ಹೊತ್ತು ಬೇರೆ, ವಾಸನೆ ಬೇರೆ, ಮುಟ್ಟಿದಾಗಿನ ಅನುಭವ ಬೇರೆ. ಸ್ಕ್ರೂ ಡ್ರೈವರ್ ಹಿಡಿಯುವ ಮೊದಲು ಇದನ್ನು ಬೇರ್ಪಡಿಸಿಕೊಂಡರೆ ಅರ್ಧ ಕೆಲಸ ಆದ ಹಾಗೆ. ಮಳೆಯೇ ಇಲ್ಲದ ದಿನ ಎಸಿ ಹಾಕಿದಾಗ ಮಾತ್ರ ಬರುತ್ತಿದೆ, ನೀರು ತಿಳಿಯಾಗಿದೆ, ತಣ್ಣಗಿದೆ ಅಂದರೆ ಅದು ಕಾಯಿಲ್ ನೀರು. ಕಾರು ನಿಂತೇ ಇತ್ತು, ರಾತ್ರಿ ಮಳೆ ಬಂತು, ಬೆಳಿಗ್ಗೆ ಮ್ಯಾಟ್ ಮೇಲೆ ಮಣ್ಣು ಮಿಶ್ರಿತ ನೀರು ಅಂದರೆ ಮಳೆಯದು. ಮಳೆಯೂ ಇಲ್ಲ, ಎಸಿಯೂ ಹಾಕಿಲ್ಲ, ಆದರೂ ಒದ್ದೆ, ಬೆರಳಿಗೆ ಜಿಡ್ಡು ಜಿಡ್ಡು ಅಂದರೆ ಹೀಟರ್ ಮೇಲೆ ಅನುಮಾನ ಪಡಿ.

ಮಂಗಳೂರಿನ ಗಾಳಿ, ಕಲಬುರಗಿಯ ಗಾಳಿ

ಕಾಯಿಲ್ ನೀರು ಎಷ್ಟಿರುತ್ತದೆ ಅನ್ನುವುದನ್ನು ಜನ ಬಹಳ ಕಡಿಮೆ ಅಂದಾಜು ಮಾಡುತ್ತಾರೆ. ಒಂದು ಲೆಕ್ಕ ಹಾಕೋಣ. 30 ಡಿಗ್ರಿ ಬಿಸಿ, ಶೇ. 80 ತೇವಾಂಶ ಅಂದರೆ ಕರಾವಳಿಯ ಮಾಮೂಲಿ ದಿನ. ಆ ಗಾಳಿಯ ಒಂದು ಘನ ಮೀಟರಿನಲ್ಲಿ ಸುಮಾರು 24 ಗ್ರಾಂ ನೀರು ಆವಿಯಾಗಿರುತ್ತದೆ. ಕಾಯಿಲ್ ಅದನ್ನು 10 ಡಿಗ್ರಿಗೆ ತಣಿಸಿತು ಅಂದುಕೊಳ್ಳಿ. ಅಷ್ಟು ತಣ್ಣಗಿನ ಗಾಳಿ 9 ಗ್ರಾಂ ಚಿಲ್ಲರೆಗಿಂತ ಜಾಸ್ತಿ ಹಿಡಿದುಕೊಳ್ಳಲಾರದು. ಉಳಿದ ಸುಮಾರು 15 ಗ್ರಾಂ ಕಾಯಿಲ್ ಮೇಲೇ ನೀರಾಗುತ್ತದೆ. ಹೊರಗಿನ ಗಾಳಿ 100 ಘನ ಮೀಟರ್ ಒಳಗೆ ಬಂದರೆ ಒಂದೂವರೆ ಲೀಟರ್! ಒಂದು ದೊಡ್ಡ ಬಾಟಲಿ ನೀರನ್ನು ಡ್ಯಾಶ್‌ಬೋರ್ಡ್ ಒಳಗೆ ಸುರಿದ ಹಾಗಾಯಿತು.

ಅದೇ ಏಪ್ರಿಲ್‌ನಲ್ಲಿ ಕಲಬುರಗಿಗೆ ಬನ್ನಿ. 40 ಡಿಗ್ರಿ ಬಿಸಿಲು, ತೇವಾಂಶ ಶೇ. 20. ಆ ಗಾಳಿಯಲ್ಲಿ ಘನ ಮೀಟರಿಗೆ ಇರುವುದೇ 10 ಗ್ರಾಂ. ಹತ್ತು ಡಿಗ್ರಿಗೆ ತಣಿಸಿದರೂ ಒಂದು ಗ್ರಾಂ ನೀರು ಸಿಕ್ಕರೆ ಹೆಚ್ಚು. ಹಾಗಾಗಿ ಈ ನೀರನ್ನು ಹೊರಗೆ ಬಿಡುವ ಡ್ರೈನ್ ಪೈಪ್ ಪೂರ್ತಿ ಕಟ್ಟಿಕೊಂಡ ಕಾರು ಕೂಡ ಬಯಲುಸೀಮೆಯ ಬೇಸಿಗೆಯಲ್ಲಿ ತಿಂಗಳುಗಟ್ಟಲೆ ಸುಮ್ನೆ ಇರಬಹುದು. ಅದೇ ಕಾರು ಶಿರಾಡಿ ಘಾಟಿ ಇಳಿದು ಉಪ್ಪಿನಂಗಡಿ ಮುಟ್ಟುವಷ್ಟರಲ್ಲಿ ಒಳಗೆ ನೀರು ಬಿಡಲು ಶುರು ಮಾಡುತ್ತದೆ. ಬೇಸಿಗೆಯಲ್ಲಿ ಒಣ ಊರಿನಿಂದ ಸೆಕೆಂಡ್ ಹ್ಯಾಂಡ್ ಕಾರು ತರುವವರು ಇದನ್ನು ನೆನಪಿಟ್ಟುಕೊಳ್ಳಿ. ಮ್ಯಾಟ್ ಒಣಗಿದೆ ಅಂದ ಮಾತ್ರಕ್ಕೆ ಪೈಪ್ ಸರಿಯಿದೆ ಅಂತಲ್ಲ.

ಒಳಗಿನ ಗಾಳಿಯನ್ನೇ ಸುತ್ತಿಸುವ ಬಟನ್ ಒತ್ತಿದರೆ ನೀರು ಕಡಿಮೆಯಾಗುತ್ತದೆ. ಆ ಗಾಳಿ ಆಗಲೇ ಒಮ್ಮೆ ಒಣಗಿರುತ್ತದೆ ಅಲ್ವಾ? ಆದರೆ ನಾಲ್ಕು ಜನರ ಉಸಿರು, ಬೆವರು, ಒದ್ದೆ ಕೊಡೆ ಇದ್ದರೆ ಆ ಲೆಕ್ಕವೂ ಏರುತ್ತದೆ.

ಕಾಯಿಲ್‌ನಿಂದ ಇಳಿದ ನೀರು ಡಬ್ಬಿಯ ತಳಕ್ಕೆ ಬೀಳುತ್ತದೆ. ತಳ ಒಂದು ಕಡೆಗೆ ಇಳಿಜಾರು. ಆ ತುದಿಯಲ್ಲಿ ಬೆರಳು ಗಾತ್ರದ ತೂತು. ಅಲ್ಲಿಂದ ಗಿಡ್ಡ ಪೈಪ್ ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆಯನ್ನು ತೂರಿ ಎಂಜಿನ್ ಕಡೆ ಹೊರಬರುತ್ತದೆ. ಈ ಗೋಡೆಗೆ ಗ್ಯಾರೇಜಿನವರು ಫೈರ್‌ವಾಲ್ ಅನ್ನುತ್ತಾರೆ. ಪೈಪಿನ ತುದಿಗೆ ಕೆಳಮುಖವಾಗಿ ಬಾಗಿದ ರಬ್ಬರ್ ಮೂತಿ. ಇಷ್ಟೇ ವ್ಯವಸ್ಥೆ. ಹಳೆ ಕಾರುಗಳಲ್ಲಿ ಕ್ಯಾಬಿನ್ ಫಿಲ್ಟರ್ ಇರಲಿಲ್ಲ, ರಸ್ತೆಯ ಧೂಳು ನೇರವಾಗಿ ಒದ್ದೆ ಕಾಯಿಲ್‌ಗೆ ಅಂಟುತ್ತಿತ್ತು. ಧೂಳು, ಕೂದಲು, ಎಲೆ ಚೂರು, ಜೊತೆಗೆ ಒದ್ದೆಯಲ್ಲಿ ಬೆಳೆಯುವ ಲೋಳೆ. ಎಲ್ಲ ಸೇರಿ ಕಪ್ಪು ಕೆಸರಾಗಿ ಇಳಿದು ಮೂತಿಯಲ್ಲಿ ಕೂರುತ್ತದೆ.

ಆಗ ನೀರು ತಳದಲ್ಲಿ ನಿಲ್ಲುತ್ತದೆ. ನೇರ ರಸ್ತೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಬಲಕ್ಕೆ ಜೋರಾಗಿ ತಿರುಗಿಸಿದಾಗ ನೀರು ಎಡಕ್ಕೆ ನುಗ್ಗುತ್ತದೆ. ಎಡಕ್ಕೆ ಇರುವುದು ಬ್ಲೋವರ್ ಡಬ್ಬಿ. ಅದರ ಬುಡದಿಂದ ಪಕ್ಕದವರ ಪಾದಕ್ಕೆ. ಘಾಟಿ ಹತ್ತುವಾಗಲೂ ಹೀಗೆ, ಮೂತಿ ಮೇಲಾಗಿ ನೀರು ಹಿಂದಕ್ಕೆ, ಅಂದರೆ ಕ್ಯಾಬಿನ್ ಕಡೆಗೆ ಜಾರುತ್ತದೆ. ಕಾಲು ಒದ್ದೆಯಾಗುವುದಕ್ಕಿಂತ ಬ್ಲೋವರ್ ಒದ್ದೆಯಾಗುವುದು ದೊಡ್ಡ ನಷ್ಟ. ಮೋಟರಿನ ಬುಶ್ ತುಕ್ಕು ಹಿಡಿದು ಕಿರುಗುಟ್ಟಲು ಶುರುವಾಗುತ್ತದೆ. ವೇಗ ಬದಲಿಸುವ ರೆಸಿಸ್ಟರ್ ಕೂಡ ಗಾಳಿಯ ದಾರಿಯಲ್ಲೇ ಇರುತ್ತದೆ. ಅದು ಹೋದರೆ ಬ್ಲೋವರ್ ಕೊನೆಯ ಜೋರಿನಲ್ಲಿ ಮಾತ್ರ ತಿರುಗುತ್ತದೆ.

ಡ್ರೈನ್ ಪೈಪ್ ಬಿಡಿಸುವುದು

ಇದು ಮನೆಯಲ್ಲೇ ಮಾಡಬಹುದಾದ ಕೆಲಸ. ಎಂಜಿನ್ ಪೂರ್ತಿ ತಣ್ಣಗಿರಲಿ, ಕೀ ತೆಗೆದಿರಲಿ. ಬಾನೆಟ್ ಎತ್ತಿ ಎಡಭಾಗದಲ್ಲಿ ನೋಡಿ. ಒಂದು ದಪ್ಪ, ಒಂದು ಸಣ್ಣ, ಹೀಗೆ ಎರಡು ಎಸಿ ಪೈಪುಗಳು ಫೈರ್‌ವಾಲ್ ಒಳಗೆ ಹೋಗುವ ಜಾಗ ಸಿಗುತ್ತದೆ. ಅದರ ಕೆಳಗೆಲ್ಲೋ ಕಪ್ಪು ರಬ್ಬರ್ ಮೂತಿ ಇಣುಕುತ್ತದೆ. ಕೆಲವು ಕಾರುಗಳಲ್ಲಿ ಅಡಿಯಿಂದಲೇ ಕಾಣುವುದು. ಅಡಿಗೆ ಹೋಗಲೇಬೇಕಾದರೆ ಬರೀ ಜಾಕ್ ನಂಬಿ ಹೋಗಬೇಡಿ, ಸ್ಟ್ಯಾಂಡ್ ಕೊಡಿ.

ಮೊದಲು ಆ ಮೂತಿಯನ್ನು ಎರಡು ಬೆರಳಲ್ಲಿ ಹಿಡಿದು ಹಿಸುಕಿ. ಕೆಲವು ಮೂತಿಗಳ ತುದಿ ಸೀಳು ಬಿಟ್ಟ ತುಟಿಯ ಹಾಗಿರುತ್ತದೆ, ಕೆಸರು ಒಣಗಿ ತುಟಿಗಳು ಅಂಟಿಕೊಂಡಿರುತ್ತವೆ. ಎಷ್ಟೋ ಸಲ ಹಿಸುಕಿದ ಕೂಡಲೇ ಸಮಸ್ಯೆ ಮುಗಿಯುತ್ತದೆ. ಬಿಡದಿದ್ದರೆ ಮೂತಿಯನ್ನೇ ಎಳೆದು ತೆಗೆಯಿರಿ. ಮುಖ ಪಕ್ಕಕ್ಕಿರಲಿ. ಕಂದು ಬಣ್ಣದ ನೀರು ಭಳ್ ಎಂದು ಬೀಳುತ್ತದೆ, ವಾಸನೆ ಸಹಿಸುವಂಥದ್ದಲ್ಲ. ನೀರು ಬೀಳಲಿಲ್ಲ ಅಂದರೆ ಅಡ್ಡ ಇನ್ನೂ ಒಳಗಿದೆ. ಹುಲ್ಲು ಕತ್ತರಿಸುವ ಯಂತ್ರದ ದಪ್ಪ ನೈಲಾನ್ ದಾರ ಇದಕ್ಕೆ ಹೇಳಿ ಮಾಡಿಸಿದ್ದು. ತುದಿಯನ್ನು ಬೆಂಕಿಗೆ ತೋರಿಸಿ ಉಂಡೆ ಮಾಡಿಕೊಂಡು, ತಿರುಗಿಸುತ್ತ ನಿಧಾನಕ್ಕೆ ಒಳಗೆ ಬಿಡಿ. ತಡೆದರೆ ನಿಲ್ಲಿಸಿ, ಹಿಂದಕ್ಕೆಳೆದು ಮತ್ತೆ ಬಿಡಿ.

ಕಬ್ಬಿಣದ ತಂತಿ ಬೇಡವೇ ಬೇಡ. ತೂತಿನ ಮೇಲೇ ಕಾಯಿಲ್ ಇರುತ್ತದೆ. ತೆಳು ಅಲ್ಯೂಮಿನಿಯಂ. ತಂತಿಯ ಮೊನೆ ತಾಗಿ ತೂತಾದರೆ ಗ್ಯಾಸೂ ಹೋಯಿತು, ಕಾಯಿಲೂ ಹೋಯಿತು. ಪಂಕ್ಚರ್ ಅಂಗಡಿಯ ಗಾಳಿ ಹೊಡೆಸುವುದೂ ನನಗೆ ಇಷ್ಟವಿಲ್ಲ. ಅಷ್ಟು ಒತ್ತಡಕ್ಕೆ ಪೈಪ್ ಒಳಗಡೆ ಡಬ್ಬಿಯಿಂದ ಕಳಚಿಕೊಂಡರೆ ನೀರು ಕಾರ್ಪೆಟ್ ಹಿಂದೆ ಕಾಣದ ಹಾಗೆ ಇಳಿಯುತ್ತದೆ, ಅದು ಮೊದಲಿಗಿಂತ ಕಷ್ಟ. ನೀರು ಎಳೆಯುವ ವ್ಯಾಕ್ಯೂಮ್ ಕ್ಲೀನರ್ ಸಿಕ್ಕರೆ ಹೊರಗಿನ ತುದಿಗೆ ಹಿಡಿದು ಎಳೆಯುವುದೇ ಮೇಲು.

ಆದ ಮೇಲೆ ಮೂತಿಯನ್ನು ಕೆಳಮುಖವಾಗಿ ವಾಪಸ್ ಹಾಕಲು ಮರೆಯಬೇಡಿ. ಅದಿಲ್ಲದಿದ್ದರೆ ನೀರು ಫೈರ್‌ವಾಲ್‌ಗೆ ಅಂಟಿಕೊಂಡೇ ಇಳಿದು ಪೈಪಿನ ಸುತ್ತಲ ಸಂದಿಯಿಂದ ಮತ್ತೆ ಒಳಗೆ ಬರಬಹುದು. ಈಗ ಎಸಿ ಹಾಕಿ, ಬ್ಲೋವರ್ ಜೋರು ಮಾಡಿ, ಹದಿನೈದು ಇಪ್ಪತ್ತು ನಿಮಿಷ ಬಿಡಿ. ಸೆಕೆಯ ದಿನವಾದರೆ ಕೆಳಗೆ ಹನಿ ಬೀಳಲೇಬೇಕು.

ಎಸಿ ಸರ್ವಿಸ್ ಮಾಡಿಸಿದ ವಾರದಲ್ಲೇ ನೀರು ಶುರುವಾಗಿದ್ದರೆ ಕಟ್ಟಿಕೊಂಡಿದೆ ಅಂತ ಯೋಚಿಸುವ ಮೊದಲು ಪೈಪ್ ಫೈರ್‌ವಾಲ್ ದಾಟಿ ಹೊರಗೆ ಬಂದಿದೆಯಾ ನೋಡಿ. ಡಬ್ಬಿ ವಾಪಸ್ ಕೂರಿಸುವ ಅವಸರದಲ್ಲಿ ಪೈಪ್ ಒಳಗೇ ಮಡಚಿ ಉಳಿದುಬಿಡುವುದು ಬಹಳ ಮಾಮೂಲಿ.

ಪೈಪ್ ಸರಿಯಿದ್ದೂ ಎಸಿ ನೀರು ಬಂದರೆ

ಹೊರಗೆ ಹನಿ ಚೆನ್ನಾಗಿ ಬೀಳುತ್ತಿದೆ, ಒಳಗೂ ಸ್ವಲ್ಪ ಬರುತ್ತಿದೆ ಅನ್ನುವ ಪರಿಸ್ಥಿತಿಯೂ ಇದೆ. ಇಲ್ಲಿ ಹೆಚ್ಚಿನವರು ತಪ್ಪಿಸಿಕೊಳ್ಳುವುದು ಪೈಪಿನ ಮೇಲಿನ ಸುತ್ತು. ಕಾಯಿಲ್‌ನಿಂದ ಹೊರಡುವ ದಪ್ಪ ಪೈಪ್ ಮತ್ತು ಅಲ್ಲಿರುವ, ಕಾಯಿಲ್‌ಗೆ ಗ್ಯಾಸ್ ಅಳೆದು ಬಿಡುವ ಎಕ್ಸ್‌ಪಾನ್ಷನ್ ವಾಲ್ವ್ ಕೊರೆಯುವಷ್ಟು ತಣ್ಣಗಿರುತ್ತವೆ. ಅವಕ್ಕೆ ಕಂಪನಿಯಿಂದಲೇ ಕಪ್ಪು, ಅಂಟು ಇನ್ಸುಲೇಷನ್ ಟೇಪ್ ಸುತ್ತಿರುತ್ತದೆ. ಗ್ಯಾಸ್ ಕೆಲಸ ಮಾಡುವಾಗ ಅದನ್ನು ಕಿತ್ತು, ಮತ್ತೆ ಸುತ್ತದೆ ಬಿಟ್ಟರೆ ಪೈಪ್ ಡಬ್ಬಿಯ ಹೊರಗೇ ಬೆವರುತ್ತದೆ. ಆ ಬೆವರಿಗೆ ಡ್ರೈನ್ ಇಲ್ಲ. ನೇರ ಕಾರ್ಪೆಟ್‌ಗೆ. ಎಸಿ ಅರ್ಧ ಗಂಟೆ ಓಡಿದ ಮೇಲೆ ಕೈಗವಸಿನ ಡಬ್ಬ, ಅಂದರೆ ಗ್ಲೋವ್ ಬಾಕ್ಸ್ ಕಳಚಿ ಟಾರ್ಚ್ ಬಿಟ್ಟು ನೋಡಿದರೆ ಹನಿಗಳು ಸಾಲಾಗಿ ಕಾಣುತ್ತವೆ. ಒರೆಸಿ, ಒಣಗಿಸಿ, ಹೊಸ ಟೇಪನ್ನು ಸಂದಿಯಿಲ್ಲದಂತೆ ಸುತ್ತಿದರೆ ಮುಗಿಯಿತು. ಅಗ್ಗದ ಕೆಲಸ.

ಇನ್ನೊಂದು, ಕಾಯಿಲ್ ಮೇಲೆ ಐಸ್ ಕಟ್ಟುವುದು. ದೂರದ ಪ್ರಯಾಣದಲ್ಲಿ ಬ್ಲೋವರ್ ಸದ್ದು ಅಷ್ಟೇ ಇದ್ದು ಗಾಳಿ ಮಾತ್ರ ಕಡಿಮೆಯಾಗುತ್ತ ಬರುತ್ತದೆ. ಎಸಿ ಆರಿಸಿ ಸ್ವಲ್ಪ ಹೊತ್ತಾದರೆ ಗಾಳಿ ಮತ್ತೆ ಜೋರಾಗುತ್ತದೆ. ಜೊತೆಗೆ ಕರಗಿದ ಐಸಿನ ನೀರು ಒಮ್ಮೆಲೇ ಇಳಿದು ಡ್ರೈನ್ ಅಳತೆ ಮೀರುತ್ತದೆ. ಹಳೆ ಕಾರುಗಳಲ್ಲಿ ಕಾಯಿಲ್ ನಡುವೆ ಸಿಕ್ಕಿಸಿದ ಸಣ್ಣ ಸೆನ್ಸರ್ ಇರುತ್ತದೆ. ಕಾಯಿಲ್ ಅತಿ ತಣ್ಣಗಾದಾಗ ಕಂಪ್ರೆಸರ್ ನಿಲ್ಲಿಸುವುದು ಅದರ ಕೆಲಸ. ಅದು ಕೆಟ್ಟರೆ, ಜಾಗದಿಂದ ಜಾರಿದರೆ, ಗ್ಯಾಸ್ ಕಡಿಮೆಯಾದರೆ, ಕಾಯಿಲ್ ಕೊಳೆ ಹಿಡಿದು ಗಾಳಿ ಸಾಗದಿದ್ದರೆ ಐಸ್ ಕಟ್ಟುತ್ತದೆ. ಇಲ್ಲಿ ಡಬ್ಬಿಯನ್ನು ದೂರಿ ಪ್ರಯೋಜನವಿಲ್ಲ.

ಇವೆರಡೂ ಅಲ್ಲ ಅಂದರೆ ಡಬ್ಬಿಯೇ ಸೀಳಿದೆ, ಇಲ್ಲವೇ ಜೋಡಣೆಯ ಫೋಮ್ ಹೋಗಿದೆ. ಬ್ಲೋವರ್ ಗಾಳಿಯನ್ನು ತಳ್ಳುವುದರಿಂದ ಡಬ್ಬಿಯ ಒಳಗೆ ಒತ್ತಡ ಇರುತ್ತದೆ, ಸಣ್ಣ ಸೀಳಿನಿಂದಲೂ ನೀರು ಉಗುಳಿದ ಹಾಗೆ ಬರುತ್ತದೆ. ಡಬ್ಬಿ ಬಿಚ್ಚುವ ಮಾತು ಆಮೇಲೆ.

ಮಳೆ ನೀರು ಮತ್ತು ಹೊಂಗೆ ಹೂವು

ವೈಪರ್ ಬುಡದ ಜಾಲರಿಯ ಕೆಳಗೆ ಕಾರಿನ ಅಗಲಕ್ಕೂ ಒಂದು ತಗಡಿನ ತೊಟ್ಟಿ ಇದೆ. ಗಾಜಿನ ಮೇಲೆ ಬಿದ್ದ ಮಳೆಯೆಲ್ಲ ಅಲ್ಲಿಗೇ ಇಳಿಯುತ್ತದೆ, ಎರಡು ಪಕ್ಕದ ತೂತುಗಳಿಂದ ಚಕ್ರದ ಹಿಂದೆ ನೆಲಕ್ಕೆ ಹೋಗುತ್ತದೆ. ಎಸಿಗೆ ಹೊರಗಾಳಿ ಬರುವುದೂ ಇದೇ ತೊಟ್ಟಿಯಿಂದ. ನೀರು ಹೋಗದಿರಲಿ ಅಂತ ಗಾಳಿಯ ಬಾಯಿಗೆ ಸುತ್ತ ಎತ್ತರದ ಕಟ್ಟೆ ಕಟ್ಟಿರುತ್ತಾರೆ. ಮನೆಯ ತಾರಸಿಯಲ್ಲಿ ಎಲೆ ಕಟ್ಟಿಕೊಂಡು ನೀರು ನಿಂತರೆ ಮೆಟ್ಟಿಲ ಬಾಗಿಲಿನಿಂದ ಒಳಗೆ ಇಳಿಯುತ್ತದಲ್ಲ, ಇಲ್ಲೂ ಅದೇ. ಪಕ್ಕದ ತೂತು ಕಟ್ಟಿದರೆ ನೀರು ಏರಿ, ಕಟ್ಟೆ ದಾಟಿ, ಬ್ಲೋವರ್ ಮೇಲೆ ಬೀಳುತ್ತದೆ.

ಮರದ ಕೆಳಗೆ ನಿಲ್ಲಿಸುವ ಕಾರುಗಳಿಗೆ ಇದು ತಪ್ಪಿದ್ದಲ್ಲ. ಎಲ್ಲ ಮರವೂ ಒಂದೇ ಅಲ್ಲ. ಹಲಸು, ಮಾವಿನ ದೊಡ್ಡ ಎಲೆ ಜಾಲರಿಯ ಮೇಲೇ ನಿಲ್ಲುತ್ತದೆ, ಕೈಯಲ್ಲಿ ತೆಗೆದು ಬಿಸಾಡಬಹುದು. ಬೆಂಗಳೂರಿನ ರಸ್ತೆಗಳ ಗುಲ್‌ಮೊಹರ್ ಮತ್ತು ಮಳೆಮರದ ಚಿಕ್ಕ ಚಿಕ್ಕ ಎಲೆಗಳು ಜಾಲರಿಯ ಸಂದಿಯಿಂದ ಆರಾಮಾಗಿ ಒಳಗೆ ಇಳಿಯುತ್ತವೆ. ಬೇಸಿಗೆಯಲ್ಲಿ ರಾಶಿ ರಾಶಿ ಉದುರುವ ಹೊಂಗೆ ಹೂವಂತೂ ಅಳತೆ ತೆಗೆದು ಮಾಡಿದ ಹಾಗೆ ಹೋಗಿ ಕೂರುತ್ತದೆ. ಮೊದಲ ಮಳೆಗೆ ನೆನೆದು ಗಟ್ಟಿ ಮುದ್ದೆ. ಮುಂಗಾರಿಗೆ ಮೊದಲು ವೈಪರ್ ತೋಳು ಬಿಚ್ಚಿ, ಜಾಲರಿ ತೆಗೆದು, ಕೈಯಲ್ಲೇ ಬಾಚಿ ಸ್ವಚ್ಛ ಮಾಡುವುದು ಬೇರಾವ ರಿಪೇರಿಗಿಂತ ಹೆಚ್ಚು ಉಪಕಾರಿ. ಹಳೆ ಜಾಲರಿಯ ಕ್ಲಿಪ್‌ಗಳು ಮುರಿಯುತ್ತವೆ, ಹೊಸ ನಾಲ್ಕಾರು ತಂದಿಟ್ಟುಕೊಂಡು ಶುರು ಮಾಡಿ. ನೀರು ಹೊಡೆದು ಕಸವನ್ನು ತೂತಿನ ಕಡೆ ತಳ್ಳಬೇಡಿ, ಅದು ಇನ್ನೂ ಆಳಕ್ಕೆ ಹೋಗಿ ಸಿಕ್ಕಿಕೊಳ್ಳುತ್ತದೆ.

ತೊಟ್ಟಿ ಸ್ವಚ್ಛವಿದ್ದೂ ಮಳೆ ನೀರು ಬಂದರೆ ಬ್ಲೋವರ್ ಡಬ್ಬಿ ಮತ್ತು ತಗಡಿನ ನಡುವಿನ ಫೋಮ್ ಉಂಗುರ ನೋಡಬೇಕು. ಮುಂದಿನ ಗಾಜಿನ ಅಂಚು, ವೈರಿಂಗ್ ಒಳಗೆ ಬರುವ ರಬ್ಬರ್ ಬುಶ್, ಬಾಗಿಲಿನ ಒಳಗಿನ ಪ್ಲಾಸ್ಟಿಕ್ ಹಾಳೆ ಕೂಡ ಇದೇ ಮೂಲೆಗೆ ನೀರು ತರಬಲ್ಲವು. ಸುಮ್ನೆ ಊಹಿಸುವ ಬದಲು ಪರೀಕ್ಷೆ ಮಾಡಿ. ಕಾರ್ಪೆಟ್ ಮಡಚಿ ಒಳಗಿನ ಲೋಹವನ್ನು ಪೂರ್ತಿ ಒಣಗಿಸಿ, ಟಾಲ್ಕಂ ಪೌಡರ್ ಉದುರಿಸಿ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಲಿ. ಇನ್ನೊಬ್ಬರು ಹೊರಗಿಂದ ಸಣ್ಣ ಧಾರೆಯಲ್ಲಿ ನೀರು ಬಿಡಲಿ. ಮೊದಲು ಬಾಗಿಲಿನ ಬುಡ, ಆಮೇಲೆ ಜಾಲರಿ, ಕೊನೆಗೆ ಗಾಜಿನ ಅಂಚು. ಮೇಲಿನಿಂದ ಶುರು ಮಾಡಿದರೆ ಎಲ್ಲ ಕಡೆಗೂ ಒಟ್ಟಿಗೆ ನೀರು ಹರಿದು ಏನೂ ಗೊತ್ತಾಗುವುದಿಲ್ಲ. ಒಂದೊಂದು ಜಾಗಕ್ಕೂ ಐದು ನಿಮಿಷ ಕೊಡಿ. ನೀರು ಇಳಿದ ಕಡೆ ಪೌಡರಿನಲ್ಲಿ ಗೆರೆ ಬೀಳುತ್ತದೆ, ಆ ಗೆರೆಯ ಮೇಲ್ತುದಿಯೇ ನೀವು ಹುಡುಕುತ್ತಿರುವ ಜಾಗ.

ಹೀಟರ್ ಸೋರಿದರೆ

ಹೀಟರ್ ಅಂದರೆ ಡ್ಯಾಶ್‌ಬೋರ್ಡ್ ಒಳಗಿರುವ ಪುಟ್ಟ ರೇಡಿಯೇಟರ್. ಎಂಜಿನ್ನಿನ ಬಿಸಿ ಕೂಲೆಂಟ್ ಎರಡು ರಬ್ಬರ್ ಹೋಸ್‌ಗಳಲ್ಲಿ ಬಂದು ಹೋಗುತ್ತದೆ. ಅದು ಸೋರಿದರೆ ಸಿಹಿ ಸಿಹಿ ವಾಸನೆ, ಮುಂದಿನ ಗಾಜಿನ ಒಳಮೈಗೆ ಒರೆಸಿದರೂ ಹೋಗದ ಜಿಡ್ಡಿನ ಪೊರೆ, ಬಾನೆಟ್ ಒಳಗಿನ ಡಬ್ಬಿಯಲ್ಲಿ ಕೂಲೆಂಟ್ ಇಳಿಮುಖ. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ವಿಷ. ನಾಯಿ, ಮಕ್ಕಳು ಕಾರಿನಲ್ಲಿ ಓಡಾಡುವುದಿದ್ದರೆ ಇದನ್ನು ಮುಂದೂಡಬೇಡಿ. ನಮ್ಮಲ್ಲಿ ಬಹಳ ಹಳೆ ಕಾರುಗಳು ಬರೀ ನಲ್ಲಿ ನೀರಿನಲ್ಲೇ ಓಡಿವೆ. ಅಂಥವುಗಳಲ್ಲಿ ಸಿಹಿ ವಾಸನೆಯೂ ಇರುವುದಿಲ್ಲ, ಹೀಟರ್ ಒಳಗಿಂದ ಕೊರೆದುಹೋಗಿ ತುಕ್ಕು ಬಣ್ಣದ ನೀರು ಬರುತ್ತದೆ.

ಕೂಲೆಂಟ್ ಮಟ್ಟ ನೋಡುವ ಅವಸರದಲ್ಲಿ ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. 0.9 ಬಾರ್ ಒತ್ತಡ ತಡೆಯುವ ಮುಚ್ಚಳ ಇದ್ದರೆ ಒಳಗಿನ ನೀರು ಸುಮಾರು 118 ಡಿಗ್ರಿವರೆಗೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣ ಒಟ್ಟಿಗೇ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಸೋರುತ್ತಿರುವುದು ಹೀಟರೇ ಅಂತ ತೀರ್ಮಾನಿಸುವ ಮೊದಲು ಹೋಸಿನ ಕ್ಲಿಪ್ ಮತ್ತು ಬಿಸಿನೀರಿನ ವಾಲ್ವ್ ನೋಡಿ. ಕ್ಲಿಪ್ ಬಿಗಿ ಮಾಡಿದರೆ ನಿಲ್ಲುವುದೂ ಉಂಟು. ನಾಬ್ ತಣ್ಣನೆ ಕಡೆಗಿಟ್ಟರೆ ಸಾಕು ಅಂದುಕೊಳ್ಳಬೇಡಿ. ಹೋಗುವ ಹೋಸ್ ಮುಚ್ಚಿದರೂ ವಾಪಸ್ ಹೋಸಿನ ಕಡೆಯಿಂದ ಒತ್ತಡ ಇದ್ದೇ ಇರುತ್ತದೆ, ಸೋರಿಕೆ ಕಡಿಮೆಯಾದೀತೇ ಹೊರತು ನಿಲ್ಲುವುದಿಲ್ಲ. ರೇಡಿಯೇಟರಿಗೆ ಅರಿಶಿನ ಪುಡಿ ಹಾಕುವ ಹಳೆ ಉಪಾಯವೂ ಇದೆ. ದಾರಿ ಮಧ್ಯೆ ಮನೆ ಮುಟ್ಟಲು ಸರಿ. ಆಮೇಲೆ ಅದೇ ಪುಡಿ ಸಣ್ಣ ಕೊಳವೆಗಳಲ್ಲಿ ಕೂರುತ್ತದೆ.

ನಮ್ಮ ಕಡೆ ಹೀಟರ್ ಬೇಕಾಗುವುದೇ ಅಪರೂಪ. ಹಾಗಾಗಿ ಎರಡು ಹೋಸ್‌ಗಳನ್ನು ಬಾನೆಟ್ ಒಳಗೇ ಒಂದಕ್ಕೊಂದು ಜೋಡಿಸಿ ಹೀಟರನ್ನು ಬೈಪಾಸ್ ಮಾಡುವುದು ಕರಾವಳಿ, ಬೆಂಗಳೂರಿನ ಮಟ್ಟಿಗೆ ಒಪ್ಪಬಹುದಾದ ಪರಿಹಾರ. ಮಳೆಗಾಲದಲ್ಲಿ ಗಾಜಿನ ಮಂಜು ಬಿಡಿಸಲು ಎಸಿ ಸಾಕು. ಚಳಿ ದೇಶದಲ್ಲಿರುವ ಕನ್ನಡಿಗರಿಗೆ ಈ ಮಾತು ನಡೆಯುವುದಿಲ್ಲ, ಅಲ್ಲಿ ಗಾಜಿನ ಹಿಮ ಕರಗಿಸಲು ಹೀಟರ್ ಬೇಕೇ ಬೇಕು.

ಡಬ್ಬಿ ಬಿಚ್ಚುವುದಾದರೆ

ಡಬ್ಬಿ ಸೀಳಿದ್ದರೆ ಕಾಯಿಲ್ ಹೊರಗೆ ಬರಬೇಕು, ಅದಕ್ಕೆ ಗ್ಯಾಸ್ ಇಳಿಸಬೇಕು. ಇದು ಎಸಿ ಮೆಕ್ಯಾನಿಕ್ ಕೆಲಸ. ಆರ್-134ಎ ಗ್ಯಾಸ್ ಮೈನಸ್ 26 ಡಿಗ್ರಿಯಲ್ಲೇ ಕುದಿಯುವಂಥದ್ದು, ಚರ್ಮಕ್ಕೆ ಚಿಮ್ಮಿದರೆ ಸುಟ್ಟ ಹಾಗಾಗುತ್ತದೆ. ಭೂಮಿ ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಬಲ. ಸುಮ್ನೆ ಗಾಳಿಗೆ ಬಿಡದೆ ಯಂತ್ರಕ್ಕೆ ಎಳೆದುಕೊಳ್ಳುವ ಗ್ಯಾರೇಜ್ ಹುಡುಕಿ. ಅದಕ್ಕಿಂತ ಹಳೆಯ, ಆರ್-12 ಗ್ಯಾಸಿನ ಕಾರು ನಿಮ್ಮದಾದರೆ ಮೊದಲೇ ವಿಚಾರಿಸಿಕೊಳ್ಳಿ. ಆ ಗ್ಯಾಸಿನ ಬಳಕೆಯನ್ನು 2010ರ ಹೊತ್ತಿಗೆ ನಮ್ಮಂಥ ದೇಶಗಳೂ ನಿಲ್ಲಿಸಬೇಕಾಗಿತ್ತು.

ಡಬ್ಬಿ ಕೈಗೆ ಬಂದಾಗ ಒಳಮೈಯಲ್ಲಿ ಅಚ್ಚೊತ್ತಿದ ಅಕ್ಷರ ಹುಡುಕಿ. ಹೆಚ್ಚಾಗಿ ಪಿಪಿ ಅಂತ ಇರುತ್ತದೆ, ಪಾಲಿಪ್ರೊಪಿಲೀನ್. ಈ ಪ್ಲಾಸ್ಟಿಕ್ಕಿಗೆ ಅಂಟು ಹಿಡಿಯುವುದಿಲ್ಲ. ಫೆವಿಕ್ವಿಕ್, ಅರಲ್ಡೈಟ್, ಎಂ-ಸೀಲ್ ಯಾವುದೇ ಹಾಕಿ, ಬಿಸಿಲು ಚಳಿ ಎರಡು ಸಲ ಕಂಡ ಮೇಲೆ ಸಿಪ್ಪೆ ಥರ ಏಳುತ್ತದೆ. ಸಿಲಿಕೋನ್ ಕೂಡ ಅಷ್ಟೆ. ಬಂಪರ್ ವೆಲ್ಡಿಂಗ್ ಮಾಡುವವರ ಬಳಿ ಕೊಡಿ. ಬಿಸಿ ಮಾಡಿ, ಅದೇ ಜಾತಿಯ ಪ್ಲಾಸ್ಟಿಕ್ ಕಡ್ಡಿ ಕರಗಿಸಿ ಸೀಳನ್ನು ಬೆಸೆಯುತ್ತಾರೆ. ಎರಡು ಹೋಳು ಕೂಡುವ ಅಂಚಿಗೆ ಬ್ಯುಟೈಲ್ ಟೇಪ್, ಅಂದರೆ ಮೆತ್ತನೆ ಅಂಟು ರಬ್ಬರ್ ಪಟ್ಟಿ, ಹಾಕಬಹುದು. ಅದು ಗಟ್ಟಿಯಾಗುವುದಿಲ್ಲ, ಮುಂದೆ ಮತ್ತೆ ಬಿಚ್ಚಬೇಕಾದರೂ ಬರುತ್ತದೆ.

ಫೋಮ್ ಆರಿಸುವಾಗ ಹುಷಾರು. ಹಾಸಿಗೆ ಅಂಗಡಿಯ ಸ್ಪಂಜು ನೀರು ಕುಡಿದು ಹಿಡಿದಿಟ್ಟುಕೊಳ್ಳುತ್ತದೆ. ನೀರು ಹೀರದ ಇವಿಎ ಅಥವಾ ರಬ್ಬರ್ ಫೋಮ್ ಪಟ್ಟಿ ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗದ ಬೀದಿಗಳಲ್ಲಿ ಕೇಳಿದರೆ ಸಿಗುತ್ತದೆ. ಮತ್ತೆ ಕೂರಿಸುವ ಮೊದಲು ಡಬ್ಬಿಯನ್ನು ಮೇಜಿನ ಮೇಲೆ ಕಾರಿನಲ್ಲಿರುವ ಓರೆಯಲ್ಲೇ ಇಟ್ಟು ಅರ್ಧ ಲೀಟರ್ ನೀರು ನಿಧಾನಕ್ಕೆ ಸುರಿಯಿರಿ. ಎಲ್ಲ ನೀರೂ ಡ್ರೈನ್ ತೂತಿನಿಂದಲೇ ಬರಬೇಕು, ಅಂಚು ಒಣಗಿರಬೇಕು. ಈ ಪರೀಕ್ಷೆಗೆ ಮೆಕ್ಯಾನಿಕ್ ಬೇಸರ ಮಾಡಿಕೊಂಡರೂ ಬಿಡಬೇಡಿ. ಬಿಚ್ಚಿದ ಪೈಪುಗಳ ಜೋಡಣೆಗೆ ಹೊಸ ಓ-ರಿಂಗ್ (ರಬ್ಬರ್ ಉಂಗುರ), ಗ್ಯಾಸ್ ತುಂಬುವ ಮೊದಲು ಒಳಗಿನ ಗಾಳಿ, ತೇವ ಎಳೆದು ತೆಗೆಯಲು ಚೆನ್ನಾಗಿ ವ್ಯಾಕ್ಯೂಮ್, ಇವನ್ನೂ ಕೇಳಿ ಮಾಡಿಸಿಕೊಳ್ಳಿ. ಹೀಟರ್ ತಲುಪಲು ಡ್ಯಾಶ್‌ಬೋರ್ಡ್ ಇಳಿಸಲೇಬೇಕಾದ ಕಾರಾದರೆ ಹೀಟರ್, ಫೋಮ್, ರೆಸಿಸ್ಟರ್ ಎಲ್ಲವನ್ನೂ ಒಂದೇ ಸಲ ನೋಡಿಸಿ. ಇಳಿಸುವ ಕೂಲಿಯೇ ಸಾಮಾನಿಗಿಂತ ಜಾಸ್ತಿ. ಅದೂ ಅಲ್ಲದೆ ಹಳೆ ಡ್ಯಾಶ್‌ಬೋರ್ಡ್ ಎರಡು ಸಲ ಬಿಚ್ಚಿಸಿಕೊಂಡು ಕಿರುಗುಟ್ಟದೆ ಇರುವುದು ಕಡಿಮೆ.

ಒಣಗಿಸುವುದು

ಸೋರಿಕೆ ನಿಂತಿತು ಅಂತ ಮ್ಯಾಟ್ ಹಾಕಿ ಮರೆಯಬೇಡಿ. ಕಾರ್ಪೆಟ್ಟಿನ ಮೇಲ್ಮೈ ಒಂದು ದಿನದಲ್ಲಿ ಒಣಗುತ್ತದೆ. ಅದರ ಕೆಳಗಿನ ದಪ್ಪ ಹತ್ತಿಯಂಥ ಪದರ ವಾರಗಟ್ಟಲೆ ನೀರು ಹಿಡಿದಿರುತ್ತದೆ. ಅದರ ಕೆಳಗೆ ತಗಡು. ಹಳೆ ಕಾರಿನ ನೆಲ ತುಕ್ಕು ಹಿಡಿದು ತೂತಾಗುವುದು ಹೊರಗಿನ ಮಳೆಗಿಂತ ಈ ಒಳಗಿನ ಒದ್ದೆಯಿಂದಲೇ ಜಾಸ್ತಿ. ಹಲವು ಕಾರುಗಳಲ್ಲಿ ಎಂಜಿನ್ ಕಂಪ್ಯೂಟರ್ ಕೂಡ ಅದೇ ಎಡಮೂಲೆಯಲ್ಲಿರುತ್ತದೆ. ಮುಂದಿನ ಸೀಟಿನ ಬೋಲ್ಟ್ ಬಿಚ್ಚಿ ಕಾರ್ಪೆಟ್ ಎತ್ತಿ, ಕೆಳಗಿನ ಪದರವನ್ನು ಹೊರಗೆ ತೆಗೆದು ಬಿಸಿಲಿಗೆ ಹಾಕಿ. ಸೀಟಿನಡಿ ಹಳದಿ ವೈರಿನ ಸಾಕೆಟ್ ಇದ್ದರೆ ಅದು ಏರ್‌ಬ್ಯಾಗಿನದು, ಅದಕ್ಕೆ ಕೈ ಹಾಕದೆ ಗ್ಯಾರೇಜಿನವರಿಗೆ ಬಿಡಿ. ನೆಲದ ತಗಡಿನ ತುಕ್ಕು ಉಜ್ಜಿ ಪ್ರೈಮರ್ ಹೊಡೆಯಿರಿ.

ಕಾರ್ಪೆಟ್ ವಾಪಸ್ ಹಾಕಲು ಅವಸರ ಬೇಡ. ಬರೀ ತಗಡಿನ ಮೇಲೆ ಹಳೆ ಪೇಪರ್ ಹರಡಿಕೊಂಡು ಒಂದು ವಾರ ಓಡಿಸಿ. ಎಸಿ ಹಾಕಿ ಬಂದ ಮೇಲೆ ಒಮ್ಮೆ, ಮಳೆ ಬಿದ್ದ ಮೇಲೆ ಒಮ್ಮೆ ಪೇಪರ್ ನೋಡಿ. ಎರಡು ಸಲವೂ ಒಣಗಿದ್ದರೆ ಕಾರ್ಪೆಟ್ ಹಾಕಿ. ಒಂದು ಮೂಲೆ ಒದ್ದೆಯಾಗಿದ್ದರೆ ಆ ಮೂಲೆಯ ಫೋಟೋ ತೆಗೆದು, ಅದು ಎಸಿ ನಂತರದ್ದೋ ಮಳೆ ನಂತರದ್ದೋ ಹೇಳಿ ಮೆಕ್ಯಾನಿಕ್‌ಗೆ ಕಳಿಸಿ. ಎಲ್ಲಿ ಬಿಚ್ಚಬೇಕು ಅಂತ ಅವರಿಗೆ ಅಷ್ಟರಲ್ಲೇ ಗೊತ್ತಾಗುತ್ತದೆ.